ಎರಡೂ ಒಮ್ಮೆಗೇ ಅಲ್ಲ

ಕುರ್ಲಾದ ಹಳೇ ಕ್ಯಾಬಿನ್ನಿನಲ್ಲಿ
ಮೂವತ್ತೆಂಟು ಸನ್ನೆಗೋಲು. ಒಂದನ್ನು ಎಳೆದರೆ
ಇನ್ನೊಂದು ಅಲುಗದು. ಅದರಡಿ
ಕಬ್ಬಿಣ ಕಬ್ಬಿಣಕ್ಕೆ ಹಲ್ಲುಕಚ್ಚಿ ಹೇಳುವುದು ಒಂದೇ ಮಾತು:
ನೀನಿದ್ದರೆ ನಾನಿಲ್ಲ.

ಟಾಂಡೇಲ್ ಕಾಕಾ ಮುಚ್ಚಳ ತೆಗೆದು ತೋರಿಸಿದರು,
ಕೈಯಲ್ಲಿ ಹರಿದ ಬನಿಯನ್ನಿನ ಎಣ್ಣೆಬಟ್ಟೆ.
"ಇದಕ್ಕೆ ಬುದ್ಧಿ ಇಲ್ಲ ಪೋರಿ, ಆಣೆ ಮಾತ್ರ ಇದೆ."
ಅವರು ಅಂದದ್ದು ಮರಾಠಿಯಲ್ಲಿ.
ನಾನು ಪಟ್ಟಿಯಂಚಿಗೆ ಕನ್ನಡದಲ್ಲಿ ಗೀಚಿಕೊಂಡೆ.

ಆ ಆಣೆಗಳನ್ನೇ ಈಗ ಯಂತ್ರಕ್ಕೆ ಹೇಳಿಕೊಡಬೇಕು.
ಮೊದಲು ಇದು ಮಾಡು, ಆಮೇಲೆ ಅದು, ತಿರುಗಿ ನೋಡು —
ಹಾಗೆ ಬರೆದೆ ಏಳು ವರ್ಷ, ನಮ್ಮತ್ತೆ ನನಗೆ
ಒಗ್ಗರಣೆ ಕಲಿಸಿದ ಹಾಗೆ.
ಈಗ ಬರೀ ಇಷ್ಟು: ಹೀಗಿರಬೇಕು. ಹೀಗಿರಕೂಡದು.
ಹಳಿಯ ಮೇಲೆ ಗಾಲಿಯಿದ್ದರೆ ದೀಪ ಕೆಂಪು.
ಸಾವಿರ ಎಳೆಗಳಲ್ಲಿ ಯಾವುದು ಮೊದಲು ಓಡಿತು,
ಯಾವುದು ಹೋಗಿ ಕೆಂಪು ಮಾಡಿತು, ಕೇಳುವುದಿಲ್ಲ ನಾನು.
ಹಾಲುಕ್ಕಿದೊಡನೆ ಕೈ ಒಲೆಗೆ ಹೋಗುತ್ತದಲ್ಲ,
ಯಾರ ಅಪ್ಪಣೆ ಅದಕ್ಕೆ?

ರಾತ್ರಿ ಒಂದೂ ನಲವತ್ತು. ಕೊನೆಯ ಲೋಕಲ್ ಹೋಗಿ
ಹಳಿ ತಣ್ಣಗಾಗಿದೆ.
ಪರೀಕ್ಷೆಗೆ ಎರಡು ಸುಳ್ಳು ಗಾಡಿ ಬಿಟ್ಟೆ,
ಒಂದು ಹಾರ್ಬರಿನಿಂದ, ಒಂದು ಶೆಡ್ಡಿನಿಂದ.
ಒಂದೇ ಕ್ಷಣಕ್ಕೆ ಎರಡೂ ದಾರಿ ಕೇಳಿದವು.
ಹಿಡಿದದ್ದು ಬಿಡದೆ, ಬೇಕಾದದ್ದು ಸಿಗದೆ
ನಿಂತವು.
ನಿಂತೇ ಇದ್ದವು.
ಪರದೆಯಲ್ಲಿ ಒಂದೂ ದೂರಿಲ್ಲ. ನಾನು ಬರೆದ
ಅಷ್ಟೂ ಆಣೆ ನಿಜವಾಗಿಯೇ ಇತ್ತು.
ಉದ್ದಕ್ಕೂ ಕೆಂಪು.
ಇಷ್ಟು ಸುರಕ್ಷಿತ ಮುಂಬಯಿಯನ್ನು ನಾನು ಕಂಡಿರಲಿಲ್ಲ.

ಮುಲುಂಡಿನ ಮನೆಯಲ್ಲೂ ಡಿಕ್ಕಿ ಇಲ್ಲ.
ಹದಿನೇಳು ದಿನವಾಯಿತು.
ಸುಧನ್ವ ಮೊದಲು ಕೇಳಲಿ ಎಂದು ನಾನು,
ನಾನು ಕೇಳಲಿ ಎಂದು ಅವನು.
ಒಂದು ತಟ್ಟೆ ಕೂಡ ಒಡೆದಿಲ್ಲ.

"ನಿಮ್ಮ ಕಾಲದಲ್ಲಿ ಹೀಗಾದರೆ, ಕಾಕಾ?"
"ಒಬ್ಬ ತನ್ನ ಕೋಲು ವಾಪಸು ಹಾಕುತ್ತಿದ್ದ."
"ಯಾರು?"
ಬೀಡಿಗೆ ಕಡ್ಡಿ ಹುಡುಕುತ್ತಾ ಅಂದರು,
"ಕೈ ಹತ್ತಿರ ಇದ್ದವನು."

ಕಡೆಯಲ್ಲಿ ಒಂದು ಸಾಲು ಸೇರಿಸಿದೆ:
ಕಾದದ್ದು ಕಾಯುತ್ತಲೇ ಇರಕೂಡದು.
ಹೇಗೆ ಎಂದು ಬರೆಯಲಿಲ್ಲ. ಅದನ್ನು ಬರೆಯುವಂತಿಲ್ಲ ಇಲ್ಲಿ.
ಶೆಡ್ಡಿನ ಗಾಡಿ ಒಂದು ಹೆಜ್ಜೆ ಹಿಂದೆ ಸರಿಯಿತು.

ನಾಲ್ಕೂ ಹತ್ತಕ್ಕೆ ಫೋನು ತೆಗೆದೆ.
"ಬರುವಾಗ ಹಾಲು ತರಲೇ?"
ಎರಡು ಗೀಟು ಬಿದ್ದವು.
ಇನ್ನೂ ನೀಲಿಯಾಗಿಲ್ಲ.
ಹೊರಗೆ, ನಿಜವಾದ ಗಾಡಿಯೊಂದು
ಶೆಡ್ಡಿನಿಂದ ದಾರಿ ಕೇಳುತ್ತಿದೆ.