ಬಳಸಿದ ಸಾಮಗ್ರಿ

ರಾತ್ರಿ ಎರಡೂವರಿಗೆ ಠಾಣೆಗೆ ಫೋನು ಬಂತು.
ಅಣ್ಣಿಗೇರಿ ದಾಟಿ ಹುಲಕೋಟಿ ಬರೂದ್ರೊಳಗ
ಒಂದು ಟ್ಯಾಂಕರು, ಎದುರಿಗೊಂದು ಉಳ್ಳಾಗಡ್ಡಿ ಲಾರಿ.
ಗಂಟಿ ಬಾರಿಸಲಿಲ್ಲ, ದಾರಿ ಖಾಲಿ ಇತ್ತು;
ಕಿಟಕಿಗೆ ಮೊದಲು ಬಂದದ್ದು ವಾಸನಿ.

ಟ್ಯಾಂಕರು ಮಗ್ಗಲಾಗಿ ಬಿದ್ದಿತ್ತು
ಈಯಾಕ ಬಂದ ಎಮ್ಮಿ ಹಂಗ.
ಹೊಟ್ಟಿ ಬಿರಿದು ಡೀಸಲ್ ಸುರೀತಿತ್ತು
ಸದ್ದಿಲ್ಲದ, ಗಡಿಬಿಡಿ ಇಲ್ಲದ.
ಉಳ್ಳಾಗಡ್ಡಿ ಬೂಟಿಗೆ ಸಿಕ್ಕು ಜಾರಿ ಬಿದ್ದೆ,
ಎದ್ದಾಗ ಅಂಗಿಗೆ ಎರಡೂ ವಾಸನಿ.

ಡ್ರೈವರ್ ಬದುಕಿದ್ದ. ರಸ್ತೆ ಬದಿಗೆ ಕುಂತು
ಮುರಿದ ಕೈಯನ್ನ ಇನ್ನೊಂದು ಕೈಲೆ ಕೂಸಿನಂಗ ಹಿಡಕೊಂಡು
ತನ್ನ ಭಾಷಾದಾಗ ಒಂದ ಮಾತು ಹೇಳತಿದ್ದ, ಮತ್ತ ಮತ್ತ.
ನಮ್ಮ ಹುಡುಗ ವಿರೂಪಾಕ್ಷಿ ತಿಳಿದಷ್ಟು ತಿಳಿಸಿದ:
"ಬೀಡಿ ಹಚ್ಚಬ್ಯಾಡ್ರಿ ಅಂತಾನ್ರಿ. ಅಷ್ಟ."

ನೊರಿ ಹೊಡೆದ್ವಿ. ಉಸುಕು ಚೆಲ್ಲಿದ್ವಿ.
ಕೊಡ ಹಿಡಕೊಂಡು ಬಂದವರನ್ನ ಬೈದ್ವಿ;
ಒಬ್ಬಾಂವ ಕ್ಯಾನ್ ತುಂಬಿಸಿ ಜ್ವಾಳದ ಹೊಲದಾಗ ಮಾಯಾದ,
ಅವನ ಬೆನ್ನು ಹತ್ತಾಕ ಹೊತ್ತಿರಲಿಲ್ಲ.
ಡೀಸಲ್ ಗಟಾರ ಹಿಡಿದಿತ್ತು,
ಗಟಾರ ಹಳ್ಳಕ್ಕ, ಹಳ್ಳ ಕೆರೀಗೆ,
ಆ ಕೆರಿ ನೀರು ಮೂರೂರು ಕುಡೀತಾವ.
ಹಳ್ಳಕ್ಕ ಟಾರ್ಚ್ ಬಿಟ್ಟೆ:
ನವಿಲಿನ ಕುತ್ತಿಗಿ ಬಣ್ಣ, ತೆಳ್ಳಗ, ಸರಕೋತ ಸರಕೋತ.
ಅವ್ವನ ಕಂಕುಳಾಗಿನ ಕೂಸೊಂದು ಕೈ ಚಾಚಿ
"ಚಂದ ಐತಿ" ಅಂತು.
ಹೌದು, ಚಂದ ಇತ್ತು. ಮೈ ನಡುಗೂವಷ್ಟು.

ಜೆಸಿಬಿ ಸಂಕಣ್ಣ ಎರಿ ಮಣ್ಣು ಎತ್ತಿ ಒಡ್ಡು ಹಾಕಿದ.
ಮಳಿಗಾಲದಾಗ ಇದ ಮಣ್ಣು
ಚಪ್ಪಲಿ ಕಸಕೊಂಡು ಬೈಗುಳ ತಿಂತೈತಿ;
ಅವತ್ತು ಒಂದು ಹನಿ ಬಿಟ್ಟುಕೊಡಲಿಲ್ಲ.
ಆದರ ಮುಂದ ಹೋದ ಬಣ್ಣ ಹೋಗಿತ್ತಲ್ಲ,
ಅದನ್ನ ಯಾರು ತಿರುಗಿ ಕರೀಬೇಕು?

ಗಾದಿ ಹೊಲಿಯೂ ಮಕ್ತುಂಸಾಬ ನದಾಫ
ಲುಂಗಿ ಮ್ಯಾಲೆ ಸ್ವೆಟರ್ ಹಾಕ್ಕೊಂಡು ನಿಂತಾಂವ ಅಂದ:
"ಹಸಿ ಹತ್ತಿ ನೀರು ಕುಡಿಯಂಗಿಲ್ಲ ಸಾಹೇಬ್ರ,
ಎಣ್ಣಿ ಕುಡೀತೈತಿ. ನಮ್ಮಪ್ಪ ಹೇಳ್ತಿದ್ದ."
ತರಬೇತಿ ಮುಗಿಸಿ ಹತ್ತೊಂಬತ್ತು ವರ್ಷ ನಂದು;
ಈ ಪಾಠ ಯಾರೂ ಹೇಳಿರಲಿಲ್ಲ.
ಅಂಗಡಿ ತೆಗೆದು ಎರಡು ಅಂಡಿಗಿ ಉರುಳಿಸಿದ,
ಯಾರದೋ ಮದುವಿ ಗಾದಿಗೆ ತಂದಿದ್ದು.

ತುಂಬಾಕ ಚೀಲ ಬೇಕಲ್ಲ, ಉದ್ದಂದು.
ಫಕ್ಕೀರವ್ವ ಮನೀಗೆ ಹೋಗಿ ಬಂದ್ಲು, ಕೈಯಾಗ ಇಳಕಲ್ ಸೀರಿ.
ಹಲ್ಲಲೆ ಕಚ್ಚಿ ಸೆರಗು ಹರಕೊಂಡ್ಲು,
ಆ ಕೆಂಪು ತುಂಡು ಮಡಚಿ ಟೊಂಕಕ್ಕ ಸಿಗಿಸಿ
ಉಳಿದದ್ದನ್ನ ನನ್ನ ಕಡೆ ಒಗೆದ್ಲು:
"ಒಡಲಷ್ಟ ಒಯ್ಯಿರಿ. ಸೆರಗು ಕೊಡಂಗಿಲ್ಲ."

ಆಮ್ಯಾಲೆ ಇನ್ನೂ ಏಳು ಬಂದ್ವು.
ಕೌದಿ ಹೊಲಿದ ಕೈಗಳು, ದಬ್ಬಣ, ನಮ್ಮ ಗಾಡಿಯ ಲೈಟು.
ಮೂಡಣ ಬೆಳ್ಳಗಾಗೂದ್ರಾಗ
ಹಳ್ಳ ಕೆರಿ ಸೇರೂ ಬಾಯಿಗೆ ಅಡ್ಡ
ಹಸರ, ಕಂದು, ಬದನಿಕಾಯಿ ಬಣ್ಣದ ಹಾವೊಂದು ತೇಲತಿತ್ತು,
ಹೊಟ್ಟಿ ತುಂಬ ಹತ್ತಿ.
ದಂಡಿ ಮ್ಯಾಲೆ ಬೋರಲ ಮಲಗಿ
ಗಲ್ಲ ಮಣ್ಣಿಗೆ ಹಚ್ಚಿ ನೋಡಿದೆ:
ಆ ಕಡೆ ನವಿಲು. ಈ ಕಡೆ ಬರೇ ನೀರು,
ನೀರಿನ ಬಣ್ಣದ ನೀರು.

ವರದಿ ಬರೆಯೂದು ನನ್ನ ಪಾಳಿ.
'ಬಳಸಿದ ಸಾಮಗ್ರಿ' ಅಂತ ಒಂದು ಖಾನೆ.
ನೊರಿ ಬರದೆ, ಉಸುಕಿನ ಚೀಲ ಬರದೆ.
ಪೆನ್ನು ಸ್ವಲ್ಪ ನಿಂತು, ಆಮ್ಯಾಲೆ ತಾನ ಬರೀತು:
ಹತ್ತಿ, ಎರಡು ಅಂಡಿಗಿ.
ಸೀರಿ, ಎಂಟು; ಅದರಾಗ ಸೆರಗಿಲ್ಲದ್ದು ಒಂದು.

ಹದಿನೈದು ದಿನಕ್ಕ ಕಡತ ತಿರುಗಿ ಬಂತು,
ಸೀರಿ ಸುತ್ತ ಕೆಂಪು ಗೆರಿ,
ಬದಿಗೆ ಸಣ್ಣ ಅಕ್ಷರ: 'ಸಮಜಾಯಿಷಿ ನೀಡುವುದು.'
ಮೇಜಿನ ಮ್ಯಾಲೆ ಐತಿ ಇನ್ನೂ.

ಮೊನ್ನೆ ಆ ದಾರೀಲೆ ಹೋದಾಗ
ಫಕ್ಕೀರವ್ವನ ಅಂಗಳದ ಹಗ್ಗಕ್ಕ ಹೊಸಾ ಕೌದಿ,
ನಟ್ಟ ನಡುವ ಆ ಕೆಂಪು ಚೌಕ.
ಗಾಡಿ ನಿಲ್ಲಿಸಲಿಲ್ಲ.
ಮಕ್ತುಂಸಾಬನ ಹತ್ತಿ ರೊಕ್ಕ ಇನ್ನೂ ಬಂದಿಲ್ಲ.