ಎಷ್ಟನೇ ಜ್ವರ

ಹನ್ನೊಂದನೇ ಇಸವಿಯ ಕೊಯ್ಲು. ಶಿರಾಜ್.
ನಂದಿ ತಪ್ಪಲಿನ ಕಲ್ಲುನೆಲದಲ್ಲಿ ಬಳ್ಳಿ ಕಡಿಮೆ ಕೊಟ್ಟ ವರ್ಷ.
ಎಲಿಯಾಸ್ ಸಾರ್ ಎರಡು ಡಜನ್ ಬೇರೆ ತೆಗೆದು
ನೆಲಮನೆಯ ಕೊನೇ ಗೂಡಿನಲ್ಲಿ ಮಲಗಿಸಿ
ಸೀಮೆಸುಣ್ಣದಲ್ಲಿ ಬರೆದರು: ಮುಟ್ಟಬಾರದು.
ಆಮೇಲೆ ವರ್ಷಕ್ಕೊಂದು, ಎರಡು,
ಅವರೇ ಮುಟ್ಟಿದರು.

ಬೇರೆ ದಾರಿಯಿಲ್ಲ.
ಮಾವಾದರೆ ತೊಟ್ಟಿನ ಹತ್ತಿರ ಮೂಸಬಹುದು,
ಹಲಸನ್ನು ತಟ್ಟಿ ಕೇಳಬಹುದು,
ಇದಕ್ಕೆ ಗಾಜು, ಬಿರಡೆ, ಮೇಲೊಂದು ತಗಡಿನ ಟೋಪಿ.
ಆಯಿತೋ ಎಂದು ತಿಳಿಯಲು ಒಂದನ್ನು ಕೊಲ್ಲಬೇಕು,
ತಿಳಿದ ಹೊತ್ತಿಗೆ ಅದೊಂದು ಕಡಿಮೆ.

ಮೊದಮೊದಲು ನೇರಳೆಹಣ್ಣು, ಒಗರು,
ಹಲ್ಲಿನ ಹಿಂದೆಲ್ಲ ಗೋಣಿ ಉಜ್ಜಿದ ಹಾಗೆ.
"ಇನ್ನೂ ಹುಡುಗಾಟ," ಸಾರ್ ಬಕೆಟ್ಟಿಗೆ ಉಗಿದು
ಪುಸ್ತಕದಲ್ಲಿ ಬರೆದುಕೊಂಡರು.
ಏಳನೇ ವರ್ಷ ತೆಗೆದದ್ದು ಏನೂ ಹೇಳಲಿಲ್ಲ.
ಹಣ್ಣಿಲ್ಲ, ಕೋಪವೂ ಇಲ್ಲ,
ತೊಳೆದ ತಟ್ಟೆ ನೆಕ್ಕಿದಂತೆ.
ಸಾರ್ ಆ ಪುಟಕ್ಕೆ ಅಡ್ಡಗೆರೆ ಎಳೆದು
ಉಳಿದದ್ದನ್ನೆಲ್ಲ ಅಡುಗೆಗೆ ಕೊಡು ಅಂದರು.

ಆ ಅರ್ಧ ಬಾಟಲಿ ಶಿಡ್ಲಘಟ್ಟದ ಬಸ್ಸಿನಲ್ಲಿ, ನನ್ನ ಚೀಲದಲ್ಲಿ,
ಸೋದರತ್ತೆಯ ಮನೆಗೆ ಬಂತು.
ಅಕ್ಕಯ್ಯಮ್ಮ. ನಲವತ್ತು ವರ್ಷ ರೇಷ್ಮೆಹುಳು ಸಾಕಿದವಳು,
ಹೆಂಡದ ವಾಸನೆ ಬಂದರೆ ಸೆರಗು ಮೂಗಿಗೆ.
ಗಾಜಿನ ಲೋಟ ಬಾಗಿಸಿ ಸುಣ್ಣದ ಗೋಡೆಗೆ ಹಿಡಿದಳು,
ಸಾರ್ ಬಿಳಿ ಕಾಗದಕ್ಕೆ ಹಿಡಿಯುವ ಹಾಗೇ,
ಯಾರೂ ಕಲಿಸದೆ.
"ಸತ್ತಿಲ್ಲ ಕಣೋ. ಜ್ವರಕ್ಕೆ ಕೂತೈತೆ."

ಜ್ವರಕ್ಕೆ ಕೂತ ಹುಳು ತಲೆ ಎತ್ತಿ ಸುಮ್ಮನಾಗುತ್ತದೆ,
ಸೊಪ್ಪು ಹಾಕಿದರೆ ತಿನ್ನದು, ಊದಿದರೆ ಅಲುಗದು,
ಹೊಸಬರು ಹೆದರಿ ತಟ್ಟೆಯನ್ನೇ ತಿಪ್ಪೆಗೆ ಕೊಡವುತ್ತಾರೆ.
ಒಳಗೆ ಅದು ಹಳೇ ಚರ್ಮ ಬಿಡುತ್ತಿರುತ್ತದೆ.
ಸುಣ್ಣ ಉದುರಿಸಿ, ಬಾಗಿಲು ಮುಂದಕ್ಕೆಳೆದು
ಕಾಯಬೇಕು, ಅಷ್ಟೆ.
"ನಿಮ್ದು ಎಷ್ಟನೇ ಜ್ವರ?" ಕೇಳಿದಳು.
ನನಗೆ ಗೊತ್ತಿರಲಿಲ್ಲ. ಸಾರ್‌ಗೂ.

ಗೂಡಿನ ಮುಂದೆ ಖಾಲಿ ಕ್ರೇಟು ಪೇರಿಸಿದೆ.
ಕರೆಂಟು ಕೈಕೊಟ್ಟ ಬೇಸಿಗೆಗಳಲ್ಲಿ ಒದ್ದೆ ಗೋಣಿ ಹೊದಿಸಿದೆ.
ಕೇಳಿದ ಹೋಟೆಲಿನವರಿಗೆ ಮುಗಿಯಿತು ಅಂದೆ.

ಈ ಸಲ ಯುಗಾದಿ ಕಳೆದ ಮೂರನೇ ದಿನ
ತಿರುಪು ಹಾಕಿದರೆ ಬಿರಡೆ ಅರ್ಧಕ್ಕೇ ಮುರಿಯಿತು.
ಕುತ್ತಿಗೆಯಡಿ ಮೊಬೈಲ್ ಟಾರ್ಚು ಹಿಡಿದು
ಗಸಿ ಕಾಣುವ ತನಕ ಬಗ್ಗಿಸಿದೆ.
ಅಂಚು ಇಟ್ಟಿಗೆ, ನಡುವೆ ಮಾತ್ರ ಇನ್ನೂ ದಾಸವಾಳ.
ಒಣಗಿದ ಅಂಜೂರ, ಹನಿ ಬಿದ್ದ ಹಾಸುಬಂಡೆ,
ಆಮೇಲೆ, ಬಹಳ ತಡವಾಗಿ, ಬಾಡಿದ ಹಿಪ್ಪುನೇರಳೆ ಎಲೆ.
ಒಗರನ್ನು ಹುಡುಕಿದೆ.
ಗೋಣಿ ಯಾವಾಗ ನೂಲಾಯಿತೋ.
ಎಲಿಯಾಸ್ ಸಾರ್ ಎರಡು ಗುಟುಕು ಉಗಿಯಲಿಲ್ಲ,
ಪುಸ್ತಕವನ್ನೂ ತೆಗೆಯಲಿಲ್ಲ.
"ನಿಮ್ಮತ್ತೆ ಇದ್ದಾರಾ?" ಅಂತ ಕಾರಿನ ಕೀಲಿ ತೆಗೆದುಕೊಂಡರು.

ಅಕ್ಕಯ್ಯಮ್ಮನ ಕಣ್ಣಿಗೀಗ ಪೊರೆ.
ಲೋಟವನ್ನು ಬಾಗಿಲ ಬಿಸಿಲಿಗೆ ಹಿಡಿಸಿಕೊಂಡು
ಬಹಳ ಹೊತ್ತು ನೋಡಿದಳು,
ಅಥವಾ ನೋಡಿದಂತೆ ಇದ್ದಳು.
ಹಣ್ಣಾದ ಹುಳುವಿನ ಕತ್ತಿನಲ್ಲಿ ಬೆಳಕು ಹಾಯುತ್ತದಂತೆ,
ಬೆಳಗ್ಗೆ ಹಾಯ್ದರೆ ಮಧ್ಯಾಹ್ನದೊಳಗೆ ಚಂದ್ರಿಕೆಗೆ ಬಿಡಬೇಕು,
ತಡವಾದರೆ ನೂಲನ್ನೆಲ್ಲ ತಟ್ಟೆಗೇ ಸುರಿದು ಬಿಡುತ್ತದೆ.
"ಹಣ್ಣಾಗೈತೆ," ಅಂದಳು. "ಇವತ್ತೇ."

ಇವತ್ತೇ ಕುಡಿದೆವು, ಮುದ್ದೆ ಬಸ್ಸಾರಿನ ಪಕ್ಕ,
ಸಾರ್ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ.
ಅವಳು ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದಳು:
"ಥೂ, ಇದಕ್ಕಾ ಇಷ್ಟು ವರ್ಷ!"

ಗೂಡಿನಲ್ಲಿ ಇನ್ನೂ ನಾಲ್ಕಿವೆ.
ಅವನ್ನೂ ಈಗಲೇ ತೆಗೆಯುವುದಾ ಎಂದರೆ
ಬಚ್ಚಲಲ್ಲಿ ಕೈ ತೊಳೆಯುತ್ತಾ ನಕ್ಕಳು.
"ಒಂದೇ ತಟ್ಟೆ ಹುಳ ಒಂದೇ ದಿನ ಹಣ್ಣಾಗ್ತವೇನೋ?
ಒಂದೊಂದೇ ಎತ್ತಿ ನೋಡ್ಬೇಕು."

ರಾತ್ರಿ ಹೋಗಿ ಎತ್ತಿ ನೋಡಿದೆ.
ಕಪ್ಪು ಗಾಜು.
ಟಾರ್ಚಿನ ಬೆಳಕು ಹಾಯಲಿಲ್ಲ,
ನನ್ನ ಹೆಬ್ಬೆರಳನ್ನಷ್ಟೇ ತೋರಿಸಿತು.