ಹೆಬ್ಬೆಟ್ಟು

ಬಾಣಲೆ ನೀರು ಕುದಿ ಬರೋ ಹೊತ್ತಿಗೆ ಸರಿಯಾಗಿ
ಫೋನು.
ಎಡಗೈಲಿ ಕುಂಚ, ಬಲಗೈ ಬೆರಳ ತುಂಬ ಎಳೆ,
ಮೊಣಕೈಯಲ್ಲಿ ಗುಂಡಿ ಒತ್ತಿ
ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡೆ.
"ನಾರಾಯಣಮ್ಮ ಮೇಡಂ ಅವರಾ ಮಾತಾಡೋದು?"

ನಾನು ನಾರೆಮ್ಮ.
ಶಿಡ್ಲಘಟ್ಟದ ಈ ನೂಲು ಬಿಚ್ಚೋ ಮನೆಯಲ್ಲಿ ಇಪ್ಪತ್ತೆಂಟು ವರ್ಷ
ನಾರೆಮ್ಮ, ಇಲ್ಲಾ, ಏಯ್ ಮೂರನೇ ಬಾಣಲೆ.
ನಾರಾಯಣಮ್ಮ ಅನ್ನೋಳು ರೇಷನ್ ಕಾರ್ಡಿನಲ್ಲಿದ್ದಾಳೆ,
ಮೇಡಂ ಅನ್ನೋಳು ಇಸ್ಕೂಲಿನಲ್ಲಿದ್ದಾಳೆ,
ಇಬ್ಬರನ್ನೂ ಸೇರಿಸಿ ಕರೆದವನು ಇವನೊಬ್ಬನೇ.
ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ
ಸೆರಗು ಸರಿಮಾಡಿಕೊಂಡೆ.

"ನಿಮ್ಮ ಆಧಾರ್ ನಂಬರಿನ ಮೇಲೆ
ಒಂದು ಪಾರ್ಸೆಲ್ ಸಿಕ್ಕಿಬಿದ್ದಿದೆ ಮೇಡಂ,
ಐದು ಪಾಸ್‌ಪೋರ್ಟು, ಅಮಲಿನ ಪುಡಿ.
ನಾನು ಮುಂಬಯಿ ಪೊಲೀಸು.
ಅಲ್ಲಾಡಬೇಡಿ. ಯಾರಿಗೂ ಹೇಳಬೇಡಿ.
ನೀವೀಗ ಅರೆಸ್ಟು, ಕೂತಲ್ಲೇ."

ಕೂತಲ್ಲೇ ಅರೆಸ್ಟು!
ಅದಕ್ಕೆ ನೀವೇ ಬರಬೇಕಿತ್ತಾ ಸಾರ್,
ಬೆಳಗ್ಗೆ ಆರಕ್ಕೆ ಕೂತರೆ
ಉಚ್ಚೆಗೆ ಏಳೋಕೂ ಬಾಬಾಜಾನ್ ಸಾಬರ ಮುಖ ನೋಡಬೇಕು.

ಹೋದ ವರ್ಷ ಹೀಗೇ ಒಂದು ಫೋನು
ಎರಡನೇ ಬಾಣಲೆ ಶಾಕಿರಾಗೆ ಬಂದಿತ್ತು.
ಹೆಂಗಸು, ಬ್ಯಾಂಕಿನೋಳಂತೆ, ಅಕ್ಕಾ ಅಂದಳಂತೆ.
ಹತ್ತೊಂಬತ್ತು ಸಾವಿರದ ನಾನೂರು.
ಮಗಳ ಓಲೆಗೆ ಅಂತ ಚೀಟಿ ಎತ್ತಿದ್ದು.
ಎಂಟು ದಿನ ಗಂಡನಿಗೂ ಹೇಳಲಿಲ್ಲ.
ಬಾಯಿ ಬಿಟ್ಟರೆ, ನಿನ್ನ ಬುದ್ಧಿ ಎಲ್ಲೋಗಿತ್ತು ಅಂತಾರಲ್ಲ, ಅದಕ್ಕೆ.
ನಾನೂ ಅಂದೆ.
ಅಂದ ಮಾತು ಇನ್ನೂ ನಾಲಿಗೆ ಮೇಲೆ
ಬೊಬ್ಬೆ ಎದ್ದಂಗೆ ಇದೆ.

ಗೂಡಿಗೆ ಎಳೆ ಒಂದೇ.
ತುದಿ ಸಿಗೋವರೆಗೂ ಗೂಡು ಕಲ್ಲು.
ಬಿಸಿ ತಾಗಬೇಕು, ಕುಂಚ ಆಡಬೇಕು,
ಸಿಕ್ಕಿತೋ, ನೂರಾರು ಗಜ ಸರಸರ ಬಿಚ್ಚಿಕೊಂಡು
ಕೊನೆಗೆ ಉಳಿಯೋದು ಬೆತ್ತಲೆ ಹುಳ.
ಈ ಕಸುಬು ನನಗೆ ಗೊತ್ತು ಕಣಪ್ಪ.
ನೀನು ನೀರು ಕಾಯಿಸ್ತಾ ಇದ್ದೀಯ,
ತುದಿ ಹುಡುಕ್ತಾ ಇದ್ದೀಯ.

ಅದಕ್ಕೇ ಕೇಳಿದೆ:
"ಆ ಆಧಾರು ನಂದೇ ಅಂತ ಹೆಂಗೆ ಗೊತ್ತಾಯ್ತು ಸಾರ್?
ಸೊಸೈಟಿ ಮಿಷನ್ನು ನನ್ನ ಹೆಬ್ಬೆಟ್ಟು ಒಪ್ಪಲ್ಲ.
ಗೆರೆ ಎಲ್ಲ ಕುದಿನೀರಲ್ಲಿ ತೊಳೆದುಹೋಗಿದೆ.
ಅಶ್ವತ್ಥಪ್ಪ ಹತ್ತು ಬೆರಳೂ ಒತ್ತಿಸ್ತಾನೆ,
ನೀನು ನೀನಲ್ಲ ಅಂತಿದೆ ನಾರೆಮ್ಮಾ, ಅಂತ
ಖಾಲಿ ಚೀಲ ಕೊಟ್ಟು ಕಳಿಸ್ತಾನೆ.
ನೀವು ಅಷ್ಟು ದೂರದಿಂದ ಗುರುತು ಹಿಡಿದ್ರಿ.
ನಾನು ನಾನೇ ಅಂತ
ಒಂದು ಕಾಗದ ಬರೆದುಕೊಡಿ, ಸೀಲು ಹಾಕಿ.
ಮೂರು ತಿಂಗಳ ಅಕ್ಕಿ ಬಾಕಿ."

ತಡವರಿಸಿದ.
ಅವನ ಬೆನ್ನ ಹಿಂದೆ ಯಾರೋ ಇನ್ಯಾರಿಗೋ
ಅಲ್ಲಾಡಬೇಡಿ ಅನ್ನೋದು ಕೇಳಿಸ್ತು.
"ಅದೆಲ್ಲ ಆಮೇಲೆ. ಮೆಸೇಜಿನಲ್ಲಿ ಆರು ನಂಬರು ಬಂದಿದೆ, ಓದಿ."

ಗೋಡೆ ಮೇಲೆ ಸೀಮೆಸುಣ್ಣದಲ್ಲಿ
ಇವತ್ತಿನ ಗೂಡಿನ ರೇಟು ಇತ್ತು.
ಹಳದಿ ಗೂಡು, ಬಿಳಿ ಗೂಡು.
ಓದಿದೆ: ಐದು, ಒಂದು, ಎರಡು, ಆರು, ಸೊನ್ನೆ, ನಾಲ್ಕು.
ಒತ್ತಿದ. ತಪ್ಪಂತೆ.
ನಿನ್ನೆ ರೇಟು ಓದಿದೆ.
ತಪ್ಪಂತೆ.
ಶಾಕಿರಾ ರಾಟೆ ನಿಲ್ಲಿಸಿ ಈ ಕಡೆ ತಿರುಗಿದಳು.
ಸ್ಪೀಕರ್ ಹಾಕಿದೆ.
ಮೊನ್ನೆದು ಅವಳೇ ಓದಿದಳು, ನಿಧಾನಕ್ಕೆ,
ಒಂದೊಂದು ಅಂಕಿನೂ ಉಗುಳಿದಂಗೆ.

ಆಗ ಬಿತ್ತು ನೋಡಿ ಆ ಮೇಡಂ.
ಬಿದ್ದು, ಏಯ್ ಮುದುಕಿ ಆಯ್ತು,
ಆಮೇಲೆ ನಮ್ಮವ್ವನ ತನಕ ಹೋಯ್ತು.
ಕಟ್.

ಶಾಕಿರಾ ನಗಲಿಲ್ಲ.
"ನಂದು ವಾಪಸ್ಸು ಬರುತ್ತಾ ಅಕ್ಕ?" ಅಂದಳು.
ಬರಲ್ಲ ಅನ್ನೋಕೆ ಬಾಯಿ ಬರಲಿಲ್ಲ.
"ಎಳೆ ಕಡಿದಿದೆ ನೋಡು" ಅಂದೆ.
ಗಂಟು ಹಾಕಿಕೊಂಡಳು.

ಶನಿವಾರ ಸೊಸೈಟಿ.
ಕೆಂಪು ದೀಪ. ಹತ್ತು ಬೆರಳಿಗೂ ಕೆಂಪೇ.
ಅಶ್ವತ್ಥಪ್ಪ ತಲೆ ಆಡಿಸಿದ.
ಫೋನು ತೆಗೆದು ಆ ನಂಬರು ತೋರಿಸಿದೆ:
ತಗೋ, ಇವನನ್ನ ಕೇಳು.
ನಾನು ಯಾರು ಅಂತ ಗೊತ್ತಿರೋನು
ಇವನೊಬ್ಬನೇ.